ಪರ-ವಿರೋಧ: 1349ರಲ್ಲಿ ಯುರೋಪಿನ ಯಹೂದಿಯರನ್ನು ಸುಟ್ಟದ್ದು ಪ್ಲೇಗಿನ ಭಯವೇ?

ಪರ: ಹೌದು, ಭಯವೇ

ಈ ಪಕ್ಷವನ್ನು ನನಗೆ ವಹಿಸಿದ್ದಾರೆ. ಪೂರ್ತಿ ಒಪ್ಪಿದ್ದೇನೆ ಎನ್ನಲಾರೆ, ಆದರೂ ಇದರಲ್ಲಿ ಹುರುಳಿದೆ. 1347ರಲ್ಲಿ ಹಡಗು ಹತ್ತಿ ಸಿಸಿಲಿಗೆ ಬಂದ ರೋಗ ನಾಲ್ಕೈದು ವರ್ಷಗಳಲ್ಲಿ ಯುರೋಪಿನ ಮೂರನೇ ಒಂದು ಪಾಲು ಜನರನ್ನಾದರೂ ತಿಂದುಹಾಕಿತು. ಇಲಿ, ಚಿಗಟಗಳ ಮೇಲೆ ಆಗ ಯಾರಿಗೂ ಅನುಮಾನವಿರಲಿಲ್ಲ. ಮೊನ್ನೆ ಜೊತೆಗೆ ಕೂತು ಉಂಡವನು ಇಂದು ಹೆಣವಾದರೆ, ಬಾವಿಗೆ ಯಾರೋ ವಿಷ ಹಾಕಿದ್ದಾರೆ ಎಂಬ ಮಾತು ನಿಜವೆನಿಸುತ್ತದೆ. 1348ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ನಾರ್ಬೊನ್‌ನಲ್ಲಿ ಈ ಆರೋಪಕ್ಕೆ ಬಲಿಯಾದವರು ಭಿಕ್ಷುಕರು, ಅಲೆಮಾರಿಗಳು. ಅವರ ಬಳಿ ದೋಚಲು ಏನಿತ್ತು? ಆಮೇಲೆ ಜಿನೀವಾ ಸರೋವರದ ದಂಡೆಯ ಶಿಯೋನ್ ಕೋಟೆಯಲ್ಲಿ ಯಹೂದಿಯರಿಗೆ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿದರು. ಆ ಕಾಗದ ರೋಗಕ್ಕಿಂತ ಮೊದಲೇ ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರ ತಲುಪಿತ್ತು. ಯಹೂದಿಯರ ಬಳಿ ಜನ ಮಾಡಿದ್ದ ಸಾಲದ ಸಂಗತಿ ಇಲ್ಲವೆನ್ನುವುದಿಲ್ಲ. ಆದರೆ ಸಾಲ ಹಳೆಯದು; ಆ ವರ್ಷವೇ ಏಕೆ ಬೆಂಕಿ ಹೊತ್ತಿತು?

ವಿರೋಧ: ಅಲ್ಲ, ಸಾಲ

1349ರ ಫೆಬ್ರುವರಿ 14ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಯರನ್ನು ಅವರದೇ ಸ್ಮಶಾನದಲ್ಲಿ ಸುಟ್ಟರು. ಪ್ಲೇಗ್ ಇನ್ನೂ ಊರಿಗೆ ಕಾಲಿಟ್ಟಿರಲಿಲ್ಲ! ಅವರನ್ನು ಕಾಪಾಡಬೇಕೆಂದಿದ್ದ ನಗರಸಭೆಯನ್ನು ಕಸಬುದಾರರ ಸಂಘಗಳು ಅದೇ ವಾರ ಕೆಳಗಿಳಿಸಿದ್ದವು. ಸುಟ್ಟ ಮೇಲೆ ಸಾಲಪತ್ರ, ಒತ್ತೆಯಿಟ್ಟ ಒಡವೆಗಳು ಸಾಲ ತೆಗೆದುಕೊಂಡಿದ್ದವರ ಕೈ ಸೇರಿದವು; ನಗದನ್ನು ಹಂಚಿಕೊಂಡರು. ಭಯಬಿದ್ದವರು ಇಷ್ಟು ಶಿಸ್ತಾಗಿ ಲೆಕ್ಕ ಚುಕ್ತಾ ಮಾಡುತ್ತಾರೆಯೇ? ಯಹೂದಿಯರನ್ನು ಕೊಂದ ವಿಷ ಹಣವೇ ಎಂದು ಆ ಊರಿನ ಚರಿತ್ರೆ ಬರೆದವರೇ ಹೇಳಿದ್ದಾರೆ.

ಎದುರಿನವರು ಶಿಯೋನ್ ಕಾಗದ ಹಿಡಿದು ಬಂದಿದ್ದಾರೆ. ಮೈ ಮುರಿದು ಬರೆಸಿದ್ದನ್ನು ನಂಬುವವರ ಜೊತೆ ಏನು ವಾದ? ಯಹೂದಿಯರೂ ಸಾಯುತ್ತಿದ್ದಾರೆ, ಅವರಿಲ್ಲದ ಕಡೆಯೂ ರೋಗವಿದೆ ಎಂದು ಪೋಪ್ ಆರನೇ ಕ್ಲೆಮೆಂಟ್ 1348ರಲ್ಲೇ ಸಾರಿದ್ದರು. ಕೇಳುವ ಮನಸ್ಸಿದ್ದವರಿಗೆ ಅಷ್ಟು ಸಾಕಿತ್ತು.

ಮಗಳ ಮನೆಗೆಂದು ಜರ್ಮನಿಗೆ ಹೋದಾಗ ಎರ್ಫರ್ಟ್ ಊರಿನ ಹಳೆಯ ಸಿನಗಾಗ್, ಅಂದರೆ ಯಹೂದಿಯರ ಪ್ರಾರ್ಥನಾ ಮಂದಿರ, ನೋಡಿದೆ. ಈಗ ಅದು ವಸ್ತುಸಂಗ್ರಹಾಲಯ. ಅದರ ಸಮೀಪದಲ್ಲೇ 1998ರಲ್ಲಿ ಅಗೆಯುವಾಗ ಸಿಕ್ಕ ನಿಧಿ ಅಲ್ಲಿದೆ: 3,141 ಬೆಳ್ಳಿ ನಾಣ್ಯ, ಬೆಳ್ಳಿ ಗಟ್ಟಿಗಳು, ಒಡವೆಗಳು. ಅದರಲ್ಲೊಂದು ಮದುವೆಯ ಉಂಗುರ. ನೆತ್ತಿಯ ಮೇಲೆ ಪುಟ್ಟ ಚಿನ್ನದ ಗೋಪುರ, ಅದರ ಮೇಲೆ ಹೀಬ್ರೂ ಅಕ್ಷರಗಳಲ್ಲಿ 'ಮಜಲ್ ತೋವ್', ಶುಭವಾಗಲಿ ಅಂತ. ನನ್ನ ಹೆಂಡತಿ ಗಾಜಿನ ಮುಂದೆ ನಿಂತವಳು ಎಷ್ಟು ಕರೆದರೂ ಬರಲಿಲ್ಲ. 1349ರ ಮಾರ್ಚ್ 21ರಂದು ಆ ಊರಿನ ಯಹೂದಿಯರನ್ನು ಕೊಂದರು. ಅದಕ್ಕೆ ಮುಂಚೆ ಯಾರೋ ಇವನ್ನೆಲ್ಲ ಹೂತಿಟ್ಟಿದ್ದರು. ಬರುವವರು ಏನನ್ನು ಹುಡುಕಿಕೊಂಡು ಬರುತ್ತಾರೆಂದು ಆ ಮನೆಯವರಿಗೆ ಗೊತ್ತಿತ್ತು.

ದೊರೆಗೂ ಗೊತ್ತಿತ್ತು. 1349ರ ಜೂನ್‌ನಲ್ಲಿ ಜರ್ಮನಿಯ ದೊರೆ ನಾಲ್ಕನೇ ಚಾರ್ಲ್ಸ್ ಫ್ರಾಂಕ್‌ಫರ್ಟ್‌ನ ಯಹೂದಿಯರನ್ನು ಹಣಕ್ಕಾಗಿ ಆ ನಗರಕ್ಕೇ ಒತ್ತೆಯಿಟ್ಟ. ಒಂದು ವೇಳೆ ಅವರು ಹತರಾದರೆ ನಗರವನ್ನು ಹೊಣೆ ಮಾಡುವುದಿಲ್ಲ, ಆಸ್ತಿ ನಗರಕ್ಕೇ ಎಂದು ಬರೆದುಕೊಟ್ಟ. ಜುಲೈ 24ರಂದು ಅವರನ್ನು ಕೊಂದರು.