138 ಅಂತಸ್ತಿನ ಕಟ್ಟಡ ಕೊಂಡೆ, ಅರ್ಧ ಮಾತ್ರ ಕೊಟ್ಟರು

ಹಳೇ ಸಿನಿಮಾಗಳ ಡಿವಿಡಿ ಮಾರುವವರಿಗೆ ನನ್ನದು ಒಂದೇ ಪ್ರಶ್ನೆ. ಡಬ್ಬಿಯ ಹಿಂದೆ ನಟರ ಹೆಸರು ಬರೆಯಲು ಜಾಗ ಇದೆ. ಎಷ್ಟು ಆಸ್ಕರ್ ಬಂತು ಅಂತ ಬರೆಯಲು ಜಾಗ ಇದೆ. ನಿಮ್ಮ ಬೇರೆ ಸಿನಿಮಾಗಳ ಜಾಹೀರಾತಿಗೂ ಜಾಗ ಇದೆ. ಒಳಗಿರುವುದು ಪೂರ್ತಿ ಅಗಲದ ಚಿತ್ರವೋ, ಎರಡೂ ಪಕ್ಕ ಕತ್ತರಿಸಿದ್ದೋ ಅಂತ ಒಂದು ಸಾಲು ಹಾಕಲು ಮಾತ್ರ ಯಾಕೆ ಜಾಗ ಇಲ್ಲ?

ನಾನು ಆನ್‌ಲೈನ್‌ನಲ್ಲಿ ತರಿಸಿದ್ದು 'ದಿ ಟವರಿಂಗ್ ಇನ್ಫರ್ನೋ'. 1974ರ ಸಿನಿಮಾ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 138 ಅಂತಸ್ತಿನ ಗಾಜಿನ ಕಟ್ಟಡ. ಉದ್ಘಾಟನೆಯ ದಿನವೇ 81ನೇ ಮಹಡಿಯಲ್ಲಿ ಬೆಂಕಿ. ಮೇಲೆ 135ನೇ ಮಹಡಿಯಲ್ಲಿ ದೊಡ್ಡವರ ಪಾರ್ಟಿ. ಕಥೆ ಇಷ್ಟೇ. ಆದರೆ ಎರಡೂ ಮುಕ್ಕಾಲು ಗಂಟೆ ಕೂತಲ್ಲಿಂದ ಏಳಲು ಬಿಡುವುದಿಲ್ಲ. ಆ ಕಾಲದಲ್ಲಿ ಎರಡು ದೊಡ್ಡ ಸ್ಟುಡಿಯೋಗಳ ಕೈಯಲ್ಲಿ ಹೆಚ್ಚು ಕಡಿಮೆ ಒಂದೇ ಥರದ ಎರಡು ಕಾದಂಬರಿಗಳಿದ್ದವು. ಸುಮ್ನೆ ಜಗಳ ಯಾಕೆ ಅಂತ ಇಬ್ಬರೂ ಸೇರಿ ಒಂದೇ ಸಿನಿಮಾ ಮಾಡಿದರು. ನಿರ್ಮಾಪಕ ಇರ್ವಿನ್ ಅಲೆನ್. ಛಾಯಾಗ್ರಹಣಕ್ಕೆ ಆಸ್ಕರ್ ಕೂಡ ಬಂತು.

ಆ ಛಾಯಾಗ್ರಹಣವನ್ನೇ ಈ ಡಿಸ್ಕ್ ಕತ್ತರಿಸಿದೆ!

ಸಿನಿಮಾ ತೆಗೆದದ್ದು ಪ್ಯಾನಾವಿಷನ್ ಅನ್ನುವ ಅಗಲ ಪರದೆಯ ಪದ್ಧತಿಯಲ್ಲಿ. ಎತ್ತರ ಒಂದು ಅಡಿ ಇದ್ದರೆ ಅಗಲ ಎರಡೂಕಾಲು ಅಡಿಗಿಂತ ಜಾಸ್ತಿ. ಹಳೇ ಟಿವಿಯ ಪರದೆ 4:3, ಹೆಚ್ಚು ಕಡಿಮೆ ಚೌಕ. ಅದರ ತುಂಬಾ ಚಿತ್ರ ಬರಬೇಕು ಅಂದರೆ ಪಕ್ಕಗಳನ್ನು ಕತ್ತರಿಸಲೇಬೇಕು. ನೂರರಲ್ಲಿ ಸುಮಾರು 43 ಪಾಲು ಹೋಗುತ್ತದೆ. ಉಳಿದ ತುಂಡಿನಲ್ಲಿ ಯಾರು ಮಾತಾಡುತ್ತಿದ್ದಾರೋ ಅವರ ಕಡೆಗೆ ಚೌಕಟ್ಟನ್ನು ಎಳೆದಾಡುತ್ತಾರೆ. ಇದಕ್ಕೆ ಪ್ಯಾನ್ ಆಂಡ್ ಸ್ಕ್ಯಾನ್ ಅಂತಾರೆ. ಕ್ಯಾಮೆರಾ ಅಲುಗಾಡದ ದೃಶ್ಯದಲ್ಲೂ ಚಿತ್ರ ಆ ಕಡೆ ಈ ಕಡೆ ಜಾರುತ್ತದೆ. ನಿರ್ದೇಶಕ ಮಾಡದ ಕೆಲಸವನ್ನು ಯಾರೋ ಟೇಪ್ ಮಾಡುವ ಕೋಣೆಯಲ್ಲಿ ಕೂತು ಮಾಡಿರುತ್ತಾರೆ.

ಇಲ್ಲೊಂದು ತಮಾಷೆ ಹೇಳಲೇಬೇಕು. ಈ ಸಿನಿಮಾದಲ್ಲಿ ಪಾಲ್ ನ್ಯೂಮನ್ ಮತ್ತು ಸ್ಟೀವ್ ಮೆಕ್‌ಕ್ವೀನ್ ಇಬ್ಬರೂ ಇದ್ದಾರೆ. ಇಬ್ಬರೂ ಆಗಿನ ಮಹಾ ಸ್ಟಾರ್‌ಗಳು. ಯಾರ ಹೆಸರು ಮೊದಲು ಬರಬೇಕು ಅನ್ನುವುದೇ ದೊಡ್ಡ ತಲೆನೋವು. ಕೊನೆಗೆ ಮೆಕ್‌ಕ್ವೀನ್ ಹೆಸರನ್ನು ಎಡಕ್ಕೆ ಹಾಕಿದರು, ನ್ಯೂಮನ್ ಹೆಸರನ್ನು ಬಲಕ್ಕೆ ಸ್ವಲ್ಪ ಮೇಲೆ ಹಾಕಿದರು. ಎಡದಿಂದ ಓದಿದರೆ ಮೆಕ್‌ಕ್ವೀನ್ ಮೊದಲು, ಮೇಲಿಂದ ಓದಿದರೆ ನ್ಯೂಮನ್ ಮೊದಲು. ಅಷ್ಟು ಲೆಕ್ಕ ಹಾಕಿ ಇಬ್ಬರಿಗೂ ಸಮ ಜಾಗ ಕೊಟ್ಟಿದ್ದರು. ನನ್ನ ಡಿಸ್ಕ್‌ನಲ್ಲಿ ಇಬ್ಬರೂ ಎದುರುಬದುರು ನಿಂತು ಮಾತಾಡುವಾಗ ಒಬ್ಬರು ಪೂರ್ತಿ, ಇನ್ನೊಬ್ಬರ ಬರೀ ಮೂಗು. ಮದುವೆ ಫೋಟೋದಲ್ಲಿ ಹುಡುಗಿಯನ್ನು ಕತ್ತರಿಸಿ ಹುಡುಗನನ್ನು ಮಾತ್ರ ಫ್ರೇಮ್ ಹಾಕಿಸಿದ ಹಾಗೆ.

ಬೇರೆ ಬಗೆಯ ಸಿನಿಮಾ ಆಗಿದ್ದರೆ ನಾನೂ ಹೋಗಲಿ ಬಿಡು ಅನ್ನುತ್ತಿದ್ದೆ. ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತಾಡುವ ಕಥೆ ಕತ್ತರಿಸಿದರೂ ಹೇಗೋ ಬದುಕುತ್ತದೆ. ದುರಂತ ಸಿನಿಮಾದಲ್ಲಿ ಇರುವುದೇ ಗಾತ್ರ. ಎಷ್ಟು ಜನ, ಎಷ್ಟು ಎತ್ತರ, ಬಾಗಿಲು ಎಷ್ಟು ದೂರ. ಅದು ಕಂಡರೆ ತಾನೇ ಎದೆ ಹೊಡೆದುಕೊಳ್ಳುವುದು? 1972ರ 'ದಿ ಪೊಸೈಡನ್ ಅಡ್ವೆಂಚರ್' ನೆನೆಸಿಕೊಳ್ಳಿ. ಹೊಸ ವರ್ಷದ ರಾತ್ರಿ ದೊಡ್ಡ ಅಲೆ ಬಡಿದು ಹಡಗು ತಲೆಕೆಳಗಾಗುತ್ತದೆ. ನೆಲ ಚಾವಣಿ ಆಗುತ್ತದೆ, ಚಾವಣಿ ನೆಲ ಆಗುತ್ತದೆ. ಒಬ್ಬ ಮೇಲೆ ಉಳಿದ ಮೇಜನ್ನು ಹಿಡಿದು ನೇತಾಡುತ್ತಾ, ಕೈ ಸೋತು, ಕೆಳಗಿನ ಗಾಜಿನ ದೀಪದ ಮೇಲೆ ಬೀಳುತ್ತಾನೆ. ಆ ಇಡೀ ಹಾಲ್ ಒಟ್ಟಿಗೆ ಕಂಡರೆ ಮಾತ್ರ ಆ ಬೀಳುವಿಕೆಗೆ ಅರ್ಥ. 1970ರ 'ಏರ್‌ಪೋರ್ಟ್' ಇನ್ನೂ ಕಷ್ಟ. ಅದರಲ್ಲಿ ಫೋನ್ ಮಾತುಕತೆ ಬಂದಾಗ ಪರದೆಯನ್ನೇ ಭಾಗ ಮಾಡಿ ಈ ಕಡೆಯವರನ್ನೂ ಆ ಕಡೆಯವರನ್ನೂ ಒಟ್ಟಿಗೆ ತೋರಿಸುತ್ತಾರೆ. ಅದಕ್ಕೆ ಕತ್ತರಿ ಹಾಕಿದರೆ ಒಬ್ಬರು ಗೋಡೆ ಜೊತೆ ಮಾತಾಡಿದ ಹಾಗೆ ಕಾಣುತ್ತದೆ, ಅಷ್ಟೇ.

ತಪ್ಪು ಪೂರ್ತಿ ಕಂಪನಿಗಳದ್ದು ಅಂತ ಹೇಳಲೂ ಆಗುವುದಿಲ್ಲ. ನಮ್ಮ ಜನರಿಗೂ ಒಂದು ಖಾಯಿಲೆ ಇದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ಆಗಿಬರಲ್ಲ. "ಇಷ್ಟು ದೊಡ್ಡ ಟಿವಿ ತಂದು ಅರ್ಧದಲ್ಲಿ ನೋಡ್ತೀಯಲ್ಲ" ಅಂತಾರೆ. ಟಿವಿ ಹಾಕಿಕೊಡಲು ಬಂದ ಹುಡುಗ ಮೊದಲು ಮಾಡುವ ಕೆಲಸವೇ ರಿಮೋಟ್‌ನಲ್ಲಿ ಜೂಮ್ ಒತ್ತುವುದು. ಎಲ್ಲರ ಮುಖ ಮುದ್ದೆ ಆದರೂ ಪರವಾಗಿಲ್ಲ, ಪರದೆ ತುಂಬಬೇಕು. ಕಪ್ಪು ಪಟ್ಟಿ ಇದ್ದರೆ ಪೂರ್ತಿ ಚಿತ್ರ ಬಂದಿದೆ, ಪಟ್ಟಿ ಇಲ್ಲದಿದ್ದರೆ ಪಕ್ಕ ಹೋಗಿದೆ ಅಂತ ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಯಾರೂ ನಂಬಲ್ಲ. ಜನಕ್ಕೆ ಬೇಕಾದ್ದನ್ನೇ ಕಂಪನಿ ಕೊಟ್ಟಿದೆ ಅಂತ ಇಟ್ಟುಕೊಳ್ಳೋಣ. ಸರಿ, ಕೊಡಿ. ಡಬ್ಬಿ ಮೇಲೆ ಹೇಳಿ ಕೊಡಿ.

ಇನ್ನು ಬೆಂಕಿಯ ವಿಷಯ. ಡಿಸ್ಕ್‌ನಲ್ಲಿ ಚಿತ್ರವನ್ನು ಹಾಗೇ ತುಂಬಲು ಆಗುವುದಿಲ್ಲ, ಕುಗ್ಗಿಸುತ್ತಾರೆ. ಸಿನಿಮಾ ಅಂದರೆ ಒಂದರ ಹಿಂದೆ ಒಂದು ಓಡುವ ಬಿಡಿ ಚಿತ್ರಗಳು, ಅಂದರೆ ಫ್ರೇಮ್‌ಗಳು. ಒಂದು ಫ್ರೇಮ್‌ಗೂ ಮುಂದಿನದಕ್ಕೂ ಬದಲಾಗದ ಭಾಗವನ್ನು ಮತ್ತೆ ಬರೆಯುವುದಿಲ್ಲ. ಗೋಡೆ ಮುಂದೆ ಒಬ್ಬ ಕೂತು ಮಾತಾಡುತ್ತಿದ್ದರೆ ಸಲೀಸು, ಗೋಡೆ ಎಲ್ಲಿಗೂ ಹೋಗಲ್ಲ. ಬೆಂಕಿ, ಹೊಗೆ, ನೀರು, ಬೀಳುವ ಮಣ್ಣು, ಒಡೆಯುವ ಗಾಜು, ಇವು ಪ್ರತಿ ಫ್ರೇಮ್‌ನಲ್ಲೂ ಬೇರೆ. ದುರಂತ ಸಿನಿಮಾ ಅಂದರೆ ಇವೇ ತಾನೇ? ಅಂದರೆ ಜಾಸ್ತಿ ಜಾಗ ಬೇಕಾದ ಸಿನಿಮಾ ಇದು. ಅದನ್ನೇ ಕಡಿಮೆ ಜಾಗಕ್ಕೆ ತುರುಕುತ್ತಾರೆ. ಒಂದೇ ಡಿಸ್ಕ್‌ನಲ್ಲಿ ಎರಡು ಮೂರು ಸಿನಿಮಾ, ಬೆಲೆ ಒಂದರದ್ದು, ಭಾರೀ ಉಪಕಾರ! ಕೊನೆಗೆ ಹೊಗೆ ಹೊಗೆಯ ಹಾಗೆ ಕಾಣುವುದಿಲ್ಲ. ಬೂದು ಬಣ್ಣದ ಚೌಕಗಳು ಮೇಲೇಳುತ್ತವೆ. ವಿಸಿಡಿ ಬಾಡಿಗೆಗೆ ತರುತ್ತಿದ್ದ ಕಾಲದಲ್ಲಿ ಇದನ್ನು ಸಹಿಸಿಕೊಂಡಿದ್ದೆವು. ಅದರಲ್ಲಿ ಚಿತ್ರವೇ ಅಗಲಕ್ಕೆ 352, ಎತ್ತರಕ್ಕೆ 288 ಚುಕ್ಕಿ, ಒಂದು ಡಿಸ್ಕ್‌ಗೆ ಹೆಚ್ಚೆಂದರೆ 80 ನಿಮಿಷ, ಕಥೆ ಹಿಡಿದು ಎಳೆಯುವ ಹೊತ್ತಿಗೆ ಸರಿಯಾಗಿ ಎದ್ದು ಡಿಸ್ಕ್ ಬದಲಾಯಿಸಬೇಕಿತ್ತು. ಅದರಿಂದ ಜಾಸ್ತಿ ನಿರೀಕ್ಷೆಯೂ ಇರಲಿಲ್ಲ. ಡಿವಿಡಿಗೆ ಆ ನೆಪ ಇಲ್ಲ.

ಶಬ್ದದ ಕಥೆ ಇನ್ನೊಂದು. ಅದೇ 1974ರಲ್ಲಿ ಬಂದದ್ದು 'ಅರ್ತ್‌ಕ್ವೇಕ್', ಚಾರ್ಲ್‌ಟನ್ ಹೆಸ್ಟನ್ ಇರುವ ಸಿನಿಮಾ. ಲಾಸ್ ಏಂಜಲೀಸ್ ನೆಲಸಮ. ಅದಕ್ಕಾಗಿಯೇ ಸೆನ್ಸರೌಂಡ್ ಅಂತ ಒಂದು ವ್ಯವಸ್ಥೆ ಮಾಡಿದ್ದರು. ಥಿಯೇಟರಿನೊಳಗೆ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನಿಟ್ಟು ತೀರಾ ತಗ್ಗಿನ ಗುಡುಗು ಎಬ್ಬಿಸುವುದು. ಕಿವಿಗಿಂತ ಎದೆಗೆ ಜಾಸ್ತಿ ಗೊತ್ತಾಗುವ ಶಬ್ದ. ಹಾಲಿವುಡ್‌ನ ಚೈನೀಸ್ ಥಿಯೇಟರಿನಲ್ಲಿ ಚಾವಣಿಯ ಗಾರೆ ಉದುರಿ ಜನರ ತಲೆ ಮೇಲೆ ಬೀಳಬಾರದು ಅಂತ ಬಲೆ ಕಟ್ಟಿದ್ದರು. ಶಬ್ದಕ್ಕೆ ಆಸ್ಕರ್ ಬಂದ ಸಿನಿಮಾ. ಅಂಥದ್ದನ್ನು ನಾನು ನೋಡಿದ್ದು ಯಾವುದೋ ಕಂಪನಿಯ ಡಿಸ್ಕ್‌ನಲ್ಲಿ. ಭೂಕಂಪ ಶುರುವಾದಾಗ ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರು ಅಂದುಕೊಂಡೆ. ಮನೆಯಲ್ಲಿ ಗಾರೆ ಉದುರಬೇಕು ಅಂತ ನಾನೇನೂ ಕೇಳುತ್ತಿಲ್ಲ. ಆದರೆ ಮಾತು ಪಿಸುಗುಟ್ಟಿದ ಹಾಗೆ, ಸಂಗೀತ ಕಿರುಚಿದ ಹಾಗೆ, ಕಂಪನ ಇಲ್ಲವೇ ಇಲ್ಲ ಅಂದರೆ ಹೇಗೆ?

ಆಮೇಲೆ ಉದ್ದ. ಟವರಿಂಗ್ ಇನ್ಫರ್ನೋ 165 ನಿಮಿಷದ್ದು. ನಮ್ಮ ಕಡೆಯ ಟಿವಿ ಪದ್ಧತಿಯ ಹೆಸರು ಪಾಲ್ (PAL). ಆ ಪದ್ಧತಿಯ ಡಿಸ್ಕ್‌ಗಳಲ್ಲಿ ಸೆಕೆಂಡಿಗೆ 24 ಫ್ರೇಮ್ ಇರುವ ಸಿನಿಮಾವನ್ನು 25ರ ಲೆಕ್ಕದಲ್ಲಿ ಓಡಿಸುತ್ತಾರೆ. ನೂರಕ್ಕೆ ನಾಲ್ಕರಷ್ಟು ವೇಗ ಜಾಸ್ತಿ. 165 ನಿಮಿಷದ್ದು 158ಕ್ಕೆ ಮುಗಿಯುತ್ತದೆ. ಏನನ್ನೂ ಕತ್ತರಿಸಿಲ್ಲ, ಎಲ್ಲರೂ ಸ್ವಲ್ಪ ಆತುರದಲ್ಲಿರುತ್ತಾರೆ, ದನಿ ಸ್ವಲ್ಪ ಸಣ್ಣಗಾಗುತ್ತದೆ. ಇದು ತಾಂತ್ರಿಕ ಕಾರಣ, ಒಪ್ಪುತ್ತೇನೆ, ಇದಕ್ಕೆ ನಾನು ಕೂಗಾಡುವುದಿಲ್ಲ. ಆದರೆ ಡಬ್ಬಿಯ ಮೇಲೆ ಇರುವ ನಿಮಿಷ ಒಂದು, ಒಳಗಿರುವುದು ಇನ್ನೊಂದು ಆದಾಗ ಇದು ವೇಗದ ವ್ಯತ್ಯಾಸವೋ, ಮಧ್ಯೆ ಯಾವುದಾದರೂ ದೃಶ್ಯ ಹಾರಿಸಿದ್ದಾರೋ ಅಂತ ನಾನೇ ಕ್ಯಾಲ್ಕುಲೇಟರ್ ಹಿಡಿದು ಕೂರಬೇಕು. ಸಿನಿಮಾ ನೋಡಲು ಕೂತವನ ಕೆಲಸ ಇದಲ್ಲ.

ಉಲ್ಟಾ ಕೇಸೂ ಇದೆ. 1978ರ 'ದಿ ಸ್ವಾರ್ಮ್'. ಜೇನುನೊಣಗಳು ಟೆಕ್ಸಾಸ್ ಮೇಲೆ ದಾಳಿ ಮಾಡುವ ಸಿನಿಮಾ. ಪಾಪ, ಅದರ ನಾಯಕ ಮೈಕಲ್ ಕೇನ್. ಥಿಯೇಟರಿನಲ್ಲಿ ಅದು ಎರಡು ಗಂಟೆಗೂ ಕಡಿಮೆ ಇತ್ತು, ಅಷ್ಟಕ್ಕೇ ಜನ ಸುಸ್ತಾಗಿದ್ದರು. ಮನೆಗೆ ಬಂದ ಆವೃತ್ತಿ ಎರಡೂವರೆ ಗಂಟೆಗಿಂತ ಜಾಸ್ತಿ! ಚೆನ್ನಾಗಿರುವ ಸಿನಿಮಾಗಳ ಪಕ್ಕ ಕತ್ತರಿಸುವವರು, ಯಾರೂ ಕೇಳದ ನೊಣಗಳನ್ನು ಮಾತ್ರ ಧಾರಾಳವಾಗಿ ಸೇರಿಸಿಕೊಟ್ಟಿದ್ದಾರೆ.

ಹಿಂದಿಯವು ವಾಸಿ ಅಂದುಕೊಳ್ಳಬೇಡಿ. 1980ರ 'ದಿ ಬರ್ನಿಂಗ್ ಟ್ರೇನ್' ನನಗೆ ಬಹಳ ಇಷ್ಟ. ದೆಹಲಿಯಿಂದ ಮುಂಬೈಗೆ ಹೊರಟ ಹೊಸ ಸೂಪರ್ ಎಕ್ಸ್‌ಪ್ರೆಸ್, ಬ್ರೇಕ್ ಇಲ್ಲ, ಬೆಂಕಿ ಬೇರೆ, ಮಧ್ಯೆ ಒಂದು ಕವ್ವಾಲಿ. ಧರ್ಮೇಂದ್ರ, ವಿನೋದ್ ಖನ್ನಾ, ಜಿತೇಂದ್ರ, ಹೇಮಾಮಾಲಿನಿ, ಎಲ್ಲರೂ ಒಂದೇ ರೈಲಿನ ಕಥೆಯಲ್ಲಿ. ನನ್ನ ಹತ್ತಿರ ಇರುವ ಡಿಸ್ಕ್‌ನಲ್ಲಿ ಅವರೆಲ್ಲರಿಗಿಂತ ಜಾಸ್ತಿ ಹೊತ್ತು ಪರದೆ ಮೇಲಿರುವುದು ಕಂಪನಿಯ ಲೋಗೋ. ಮೂಲೆಯಲ್ಲಿ ಕೂತುಬಿಟ್ಟಿದೆ. ಬೋಗಿ ಉರಿದರೂ ಅದು ಉರಿಯುವುದಿಲ್ಲ. 1979ರ 'ಕಾಲಾ ಪತ್ಥರ್' ಹಾಕಿದರೆ ಅಲ್ಲೂ ಬೇರೊಂದು ಲೋಗೋ. ಚಸ್ನಾಲಾ ಅನ್ನುವ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ ನೂರಾರು ಕಾರ್ಮಿಕರು ಸತ್ತ 1975ರ ದುರಂತದ ನೆರಳಲ್ಲಿ ಬಂದ ಸಿನಿಮಾ ಅದು. ಶುರು ಮಾಡುವ ಮೊದಲು ಹಾರಿಸಲಾಗದ ಜಾಹೀರಾತುಗಳು. ಆಮೇಲೆ 'ಪೈರಸಿ ಅಪರಾಧ' ಅನ್ನುವ ಎಚ್ಚರಿಕೆ. ದುಡ್ಡು ಕೊಟ್ಟು ಅಸಲಿ ಡಿಸ್ಕ್ ತಂದವನಿಗೇ ಈ ಪಾಠ! ಕದ್ದ ಕಾಪಿ ನೋಡುವವನಿಗೆ ಎಚ್ಚರಿಕೆಯೂ ಇಲ್ಲ, ಜಾಹೀರಾತೂ ಇಲ್ಲ, ನೇರ ಸಿನಿಮಾ.

ಅಮೆರಿಕದಲ್ಲಿರುವ ನೆಂಟರಿಗೆ ಹೇಳಿ ತರಿಸಿಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ತರಿಸಿದ್ದೇನೆ. ಪೂರ್ತಿ ಅಗಲದ, ಚೆಂದದ ಡಿಸ್ಕ್. ಆದರೆ ಯಾವ ಡಿಸ್ಕ್ ಯಾವ ದೇಶದಲ್ಲಿ ಓಡಬೇಕು ಅಂತ ಕಂಪನಿಗಳು ಪ್ರಪಂಚವನ್ನು ರೀಜನ್‌ಗಳಾಗಿ ಹಂಚಿವೆ. ಅದು ರೀಜನ್ 1, ನಮ್ಮ ದೇಶ ರೀಜನ್ 5. ಪ್ಲೇಯರ್ ಅದನ್ನು ನುಂಗಿ, ಸ್ವಲ್ಪ ಯೋಚಿಸಿ, ಆಗಲ್ಲ ಅಂದಿತು. ಬ್ಲೂರೇಯಲ್ಲೂ ಇದೇ ಗೋಳು. ಅಮೆರಿಕಕ್ಕೆ ಎ, ನಮಗೆ ಸಿ. ಕೊಂಡ ಡಿಸ್ಕ್‌ಗೆ ಪಾಸ್‌ಪೋರ್ಟ್ ಬೇಕು ಅಂತ ಯಾರು ಕಂಡುಹಿಡಿದರೋ.

ಆನ್‌ಲೈನ್ ಅಂಗಡಿಯವರು ಇನ್ನೊಂದು ಉಪಕಾರ ಮಾಡಿದರು. 1972ರ ಪೊಸೈಡನ್ ಬೇಕು ಅಂತ ಆರ್ಡರ್ ಮಾಡಿದೆ. ಪುಟದಲ್ಲಿ ಹಳೇ ಪೋಸ್ಟರ್ ಇತ್ತು. ಬಂದದ್ದು 2006ರ ಹೊಸ 'ಪೊಸೈಡನ್'. ವಾಪಸ್ ತಗೊಳ್ಳಿ ಅಂದರೆ "ಹಡಗು ಮುಳುಗುವ ಸಿನಿಮಾ ತಾನೇ ಸರ್?" ಅಂದರು. ಹೌದಪ್ಪ, ಹಡಗೇ.

ಸ್ಟ್ರೀಮಿಂಗ್ ಇದೆಯಲ್ಲ, ಇನ್ನೂ ಡಿಸ್ಕ್ ಯಾಕೆ ಅಂತೀರಾ? ನಾನು ನೋಡಿದ ಕಡೆ ಅಲ್ಲೂ ಕತ್ತರಿಯೇ, ಈ ಸಲ ಈಗಿನ ಅಗಲ ಟಿವಿಯ 16:9 ಅಳತೆಗೆ. ಹಾಗೆ ಮಾಡಿದರೆ ಹೆಚ್ಚು ಕಡಿಮೆ ಕಾಲು ಭಾಗ ಮಾಯ. ಅದೂ ಮುಂದಿನ ತಿಂಗಳು ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಪಟ್ಟಿಗೆ ಸೇರಿಸಿ ಭಾನುವಾರ ನೋಡೋಣ ಅಂದುಕೊಂಡರೆ ಶನಿವಾರ ತೆಗೆದುಹಾಕಿರುತ್ತಾರೆ. ನೆಟ್ ಸ್ವಲ್ಪ ನಿಧಾನವಾದರೆ ಮತ್ತೆ ಅದೇ ಚೌಕ ಹೊಗೆ.

ಟವರಿಂಗ್ ಇನ್ಫರ್ನೋದಲ್ಲಿ ಬೆಂಕಿ ಹತ್ತುವುದು ಯಾಕೆ ಗೊತ್ತಲ್ಲ? ಕಟ್ಟಡದ ಮಾಲೀಕನ ಅಳಿಯನಿಗೆ ವೈರಿಂಗ್ ಕಂಟ್ರಾಕ್ಟ್ ಸಿಕ್ಕಿರುತ್ತದೆ. ರಿಚರ್ಡ್ ಚೇಂಬರ್ಲೇನ್ ಮಾಡಿದ ಪಾತ್ರ. ವಾಸ್ತುಶಿಲ್ಪಿ ಬರೆದುಕೊಟ್ಟ ತಂತಿ ಬಿಟ್ಟು, ದುಡ್ಡು ಉಳಿಸಲು ಕಡಿಮೆ ದರ್ಜೆಯದ್ದು ಎಳೆದಿರುತ್ತಾನೆ. ಗೋಡೆಯೊಳಗಿನ ತಂತಿಯನ್ನು ಯಾರು ನೋಡ್ತಾರೆ ಅನ್ನುವ ಧೈರ್ಯ. ಆ ಅಳಿಯ ಈಗ ಡಿಸ್ಕ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿರಬೇಕು ಅಂತ ನನಗೆ ಗುಮಾನಿ.

ಈ ಡಿಸ್ಕನ್ನೂ ವಾಪಸ್ ಮಾಡಲು ಹೋದೆ. ನಿಯಮ ಏನಂದರೆ, ಸೀಲ್ ಒಡೆದಿದ್ದರೆ ವಾಪಸ್ ಇಲ್ಲ. ಸೀಲ್ ಒಡೆಯದೆ ಒಳಗಿನ ಚಿತ್ರ ಕತ್ತರಿಸಿದ್ದು ಅಂತ ಹೇಗೆ ಗೊತ್ತಾಗಬೇಕು ಅಂತ ಕೇಳಿದೆ. "ಪ್ರಾಡಕ್ಟ್ ಪುಟದಲ್ಲಿ ವಿವರ ಇದೆ ಸರ್" ಅಂದರು. ನೋಡಿದೆ. ಡಬ್ಬಿಯ ತೂಕ ಇದೆ. ಡಬ್ಬಿಯ ಉದ್ದ, ಅಗಲ, ದಪ್ಪ ಸೆಂಟಿಮೀಟರಿನಲ್ಲಿ ಇದೆ. ಚಿತ್ರದ ಅಗಲ ಇಲ್ಲ. ಹೀಗೆ ಬರೆದು ಕಳಿಸಿದ್ದಕ್ಕೆ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಮೆಸೇಜ್ ಬಂತು, ಅದರ ಬೆನ್ನಿಗೇ ದೂರು ಬಗೆಹರಿದಿದೆ ಅಂತ ಟಿಕೆಟ್ ಮುಚ್ಚಿದರು. ಏನು ಬಗೆಹರಿಯಿತು ಅಂತ ಕೇಳಿ ಈಗಷ್ಟೇ ಇನ್ನೊಂದು ಟಿಕೆಟ್ ಹಾಕಿದ್ದೇನೆ.