ಕ್ಯಾಮೆರಾಗಳನ್ನು ಎಣಿಸಿದ್ದು ಸಾಕು

ಕ್ಯಾಮೆರಾ ಮಾಡ್ಯೂಲ್ (ಫೋನು, ಕಾರುಗಳೊಳಗೆ ಕೂರಿಸುವ ಪುಟ್ಟ ಕ್ಯಾಮೆರಾ ಘಟಕ) ಉದ್ಯಮದ ಸುದ್ದಿ ಓದಿದಾಗಲೆಲ್ಲ ಎರಡೇ ಲೆಕ್ಕ ಕಣ್ಣಿಗೆ ಬೀಳುತ್ತವೆ. ಎಷ್ಟು ಮಾಡ್ಯೂಲ್ ಮಾರಾಟವಾದವು? ಎಷ್ಟು ಮೆಗಾಪಿಕ್ಸೆಲ್ (ಹತ್ತು ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ, ಸೇರಿದರೆ ಒಂದು) ಆಯಿತು? ಇದನ್ನೇ ಬೆಳವಣಿಗೆ ಅಂತ ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಫೋನಿನ ಹಿಂದೆ ನಮಗೆ ಕಾಣುವುದು ಒಂದು ಗಾಜಿನ ವೃತ್ತ, ಅಷ್ಟೇ. ಅದರ ಕೆಳಗೆ ಒಂದರ ಮೇಲೊಂದು ಕೂರಿಸಿದ ಆರೇಳು ಪುಟ್ಟ ಪ್ಲಾಸ್ಟಿಕ್ ಲೆನ್ಸ್‌ಗಳಿರುತ್ತವೆ. ಫೋಕಸ್‌ಗಾಗಿ ಅವನ್ನು ಹಿಂದೆ ಮುಂದೆ ಸರಿಸುವ ಕಾಯಿಲ್ ಮತ್ತು ಅಯಸ್ಕಾಂತ ಇರುತ್ತವೆ. ತಳದಲ್ಲಿ ಬೆಳಕನ್ನು ಚಿತ್ರವಾಗಿಸುವ ಚಿಪ್, ಅದೇ ಸೆನ್ಸರ್. ಇವನ್ನು ಸುಮ್ನೆ ಅಂಟಿಸಿಬಿಟ್ಟರೆ ಆಗುವುದಿಲ್ಲ. ಒಳ್ಳೆಯ ಮಾಡ್ಯೂಲ್‌ನಲ್ಲಿ ಸೆನ್ಸರ್‌ಗೆ ಕರೆಂಟ್ ಕೊಟ್ಟು, ಅದರಲ್ಲಿ ಮೂಡುವ ಚಿತ್ರವನ್ನೇ ನೋಡುತ್ತಾ ಯಂತ್ರವು ಲೆನ್ಸನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಸರಿಸುತ್ತದೆ, ವಾಲಿಸುತ್ತದೆ. ಚಿತ್ರದ ನಾಲ್ಕು ಮೂಲೆಯೂ ಸ್ಪಷ್ಟವಾದ ಮೇಲೆಯೇ ಅಂಟು ಗಟ್ಟಿಯಾಗುವುದು. ಇದಕ್ಕೆ ಆ್ಯಕ್ಟಿವ್ ಅಲೈನ್‌ಮೆಂಟ್ ಅನ್ನುತ್ತಾರೆ. ಸೆನ್ಸರ್ ಮೇಲೆ ಧೂಳಿನ ಒಂದು ಕಣ ಕೂತರೂ ಫೋಟೋದಲ್ಲಿ ಕಲೆ.

ಇದನ್ನೆಲ್ಲ ಯಾವುದೋ ಒಂದು ಕಂಪನಿ ಒಂದೇ ಕಡೆ ಮಾಡುವುದಿಲ್ಲ. ಸೆನ್ಸರ್‌ನಲ್ಲಿ ಜಪಾನಿನ ಸೋನಿ ಮುಂದಿದೆ, ಅದರ ಹಿಂದೆ ಸ್ಯಾಮ್‌ಸಂಗ್ ಮತ್ತು ಓಮ್ನಿವಿಷನ್. ಲೆನ್ಸ್‌ಗೆ ತೈವಾನಿನ ಲಾರ್ಗನ್, ಚೀನಾದ ಸನ್ನಿ ಆಪ್ಟಿಕಲ್. ಜೋಡಣೆಗೆ ಕೊರಿಯಾದ ಎಲ್‌ಜಿ ಇನ್ನೋಟೆಕ್‌ನಂಥವರು. ಹೀಗಾಗಿ ಒಂದು ಕಡೆ ಪೆಟ್ಟು ಬಿದ್ದರೆ ಎಲ್ಲರಿಗೂ ತಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಜಪಾನಿನ ಕುಮಾಮೊಟೊದಲ್ಲಿ ಭೂಕಂಪವಾಗಿ ಸೋನಿಯ ಸೆನ್ಸರ್ ಕಾರ್ಖಾನೆ ನಿಂತಾಗ ಹಲವು ಕ್ಯಾಮೆರಾ ತಯಾರಕರು ಪರದಾಡಿದರು.

2000ದಲ್ಲಿ ಜಪಾನಿನಲ್ಲಿ ಬಂದ ಶಾರ್ಪ್ ಜೆ-ಎಸ್‌ಎಚ್04 ಫೋನಿನ ಕ್ಯಾಮೆರಾದಲ್ಲಿ ಇದ್ದದ್ದು 1.1 ಲಕ್ಷ ಪಿಕ್ಸೆಲ್. ಅಲ್ಲಿಂದ ಮೇಲೆ ಬಹಳ ವರ್ಷಗಳ ಕಾಲ ಬೆಳವಣಿಗೆ ನಿಜವಾದದ್ದೇ ಆಗಿತ್ತು. 2017ರ ಹೊತ್ತಿಗೆ ಸ್ಮಾರ್ಟ್‌ಫೋನ್ ಮಾರಾಟ ಏರುವುದು ನಿಂತಿತು. ಆದರೂ ಮಾಡ್ಯೂಲ್ ಮಾರಾಟ ಏರುತ್ತಲೇ ಇತ್ತು. ಯಾಕೆಂದರೆ ಒಂದೊಂದು ಫೋನಿಗೂ ಎರಡು, ಮೂರು, ನಾಲ್ಕು ಕ್ಯಾಮೆರಾ ಬಂದವು. ಕೆಲವಕ್ಕೆ ಅರ್ಥವಿತ್ತು. 2019ರ ಹುವಾವೇ ಪಿ30 ಪ್ರೋದಲ್ಲಿದ್ದ ಪೆರಿಸ್ಕೋಪ್ ಲೆನ್ಸನ್ನೇ ನೋಡಿ. ಹೆಚ್ಚು ಝೂಮ್ ಬೇಕೆಂದರೆ ಬೆಳಕು ಉದ್ದ ದಾರಿ ಸಾಗಬೇಕು, ತೆಳು ಫೋನಿನಲ್ಲಿ ಅಷ್ಟು ಜಾಗ ಎಲ್ಲಿ? ಅದಕ್ಕೇ ಬೆಳಕನ್ನು ಪ್ರಿಸಂನಿಂದ ಅಡ್ಡ ತಿರುಗಿಸಿ ಫೋನಿನ ಅಗಲಕ್ಕೆ ಮಲಗಿಸಿದರು. ಜಾಣ ಕೆಲಸ ಅಂದರೆ ಇದು.

ಆದರೆ ಕಡಿಮೆ ಬೆಲೆಯ ಫೋನುಗಳ ಹಿಂದೆ ಕೂರಿಸಿದ 2 ಮೆಗಾಪಿಕ್ಸೆಲ್ ಮ್ಯಾಕ್ರೋ (ತೀರಾ ಹತ್ತಿರದ್ದನ್ನು ತೆಗೆಯಲು), 2 ಮೆಗಾಪಿಕ್ಸೆಲ್ ಡೆಪ್ತ್ (ದೂರ ಅಂದಾಜಿಸಲು) ಕ್ಯಾಮೆರಾಗಳು? ಅವು ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ನಾಲ್ಕು ಕ್ಯಾಮೆರಾ ಅಂತ ಬರೆದುಕೊಳ್ಳಲು ಇಟ್ಟವು ಅವು. ಕಡಿಮೆ ದುಡ್ಡಿರುವವರಿಗೇ ಈ ಮೋಸ ಆಗಿದ್ದು ಅನ್ನುವುದು ನನಗೆ ಬಹಳ ಬೇಸರದ ವಿಷಯ. ಅದೇ ಕಾಲದಲ್ಲಿ ಗೂಗಲ್ 2018ರ ಪಿಕ್ಸೆಲ್ 3 ಫೋನಿನಿಂದ 2020ರ ಪಿಕ್ಸೆಲ್ 5ರವರೆಗೆ ಮುಖ್ಯ ಕ್ಯಾಮೆರಾಕ್ಕೆ 12 ಮೆಗಾಪಿಕ್ಸೆಲ್‌ನ ಒಂದೇ ಸೆನ್ಸರ್ ಇಟ್ಟುಕೊಂಡು, ಸಾಫ್ಟ್‌ವೇರ್ ಸುಧಾರಿಸುತ್ತಾ ಹೋಯಿತು. ಫೋಟೋಗಳು ಚೆನ್ನಾಗಿಯೇ ಬಂದವು.

ಮೆಗಾಪಿಕ್ಸೆಲ್ ಕಥೆಯೂ ಹೀಗೇ. ಈಗ 200 ಮೆಗಾಪಿಕ್ಸೆಲ್ ಸೆನ್ಸರ್ ಇದೆ. ಕೆಲವದರಲ್ಲಿ ಒಂದು ಪಿಕ್ಸೆಲ್‌ನ ಅಗಲ 0.56 ಮೈಕ್ರಾನ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರವೇ ಸುಮಾರು 0.4ರಿಂದ 0.7 ಮೈಕ್ರಾನ್! ಅಷ್ಟು ಸಣ್ಣ ಪಿಕ್ಸೆಲ್‌ಗೆ ಬೀಳುವ ಬೆಳಕು ತೀರಾ ಕಡಿಮೆ. ಹಾಗಾಗಿ ಕತ್ತಲಲ್ಲಿ 16 ಪಿಕ್ಸೆಲ್ ಸೇರಿಸಿ ಒಂದು ಮಾಡುತ್ತಾರೆ. ಕೈಗೆ ಸಿಗುವುದು 12.5 ಮೆಗಾಪಿಕ್ಸೆಲ್ ಫೋಟೋ. ಒಳ್ಳೆಯ ಬಿಸಿಲಿನಲ್ಲಿ, ಚಿತ್ರ ಕತ್ತರಿಸಿ ಝೂಮ್ ಮಾಡುವಾಗ ಜಾಸ್ತಿ ಪಿಕ್ಸೆಲ್ ನೆರವಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಫೋಟೋದ ಗುಣ ತೀರ್ಮಾನವಾಗುವುದು ಹೆಚ್ಚಾಗಿ ಸೆನ್ಸರ್ ಎಷ್ಟು ದೊಡ್ಡದು, ಲೆನ್ಸ್ ಎಷ್ಟು ಬೆಳಕು ಬಿಡುತ್ತದೆ ಅನ್ನುವುದರ ಮೇಲೆ.

ನನ್ನ ಪ್ರಕಾರ ಈಗ ನಿಜವಾದ ಬೆಳವಣಿಗೆ ಇರುವುದು ಕಾರಿನಲ್ಲಿ. ಅಮೆರಿಕದಲ್ಲಿ ಎರಡು ವರ್ಷದ ಮಗುವೊಂದು ಅಪ್ಪ ರಿವರ್ಸ್ ತೆಗೆಯುತ್ತಿದ್ದ ಗಾಡಿಯಡಿ ಸಿಕ್ಕಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲಿ 2008ರಲ್ಲಿ ಕಾನೂನು ಬಂತು. ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಗಿದ್ದು 2018ರ ಮೇನಲ್ಲಿ. ಹತ್ತು ವರ್ಷ! ಯುರೋಪಿನಲ್ಲೂ 2024ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ಲೇನ್ ಬಿಟ್ಟು ಹೋಗದಂತೆ ತಡೆಯುವ ವ್ಯವಸ್ಥೆ ಕಡ್ಡಾಯ. ಇವುಗಳಲ್ಲಿ ಹೆಚ್ಚಿನವಕ್ಕೆ ಕ್ಯಾಮೆರಾವೇ ಕಣ್ಣು.

ಕಾರಿನ ಕ್ಯಾಮೆರಾ ಮೈನಸ್ 40 ಡಿಗ್ರಿ ಚಳಿಯಲ್ಲೂ 85 ಡಿಗ್ರಿ ಬಿಸಿಯಲ್ಲೂ ಕೆಲಸ ಮಾಡಬೇಕು. ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿ ಫೋಕಸ್ ತಪ್ಪುತ್ತದೆ ಅಂತ ಗಾಜಿನ ಲೆನ್ಸ್ ಹಾಕುತ್ತಾರೆ. ಸುರಂಗದಿಂದ ಬಿಸಿಲಿಗೆ ಬಂದ ಕ್ಷಣವೂ ಎದುರಿನ ಮನುಷ್ಯ ಕಾಣಬೇಕು. ಎಲ್‌ಇಡಿ ಸಿಗ್ನಲ್ ನಮಗೆ ಗೊತ್ತಾಗದ ವೇಗದಲ್ಲಿ ಮಿನುಗುತ್ತಿರುತ್ತದೆ. ಕ್ಯಾಮೆರಾ ತಪ್ಪಾದ ಕ್ಷಣದಲ್ಲಿ ಚಿತ್ರ ತೆಗೆದರೆ ಕೆಂಪು ದೀಪ ಆರಿದಂತೆ ಕಾಣಬಹುದು. ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ಇಂಥ ಒಂದು ಮಾಡ್ಯೂಲನ್ನೂ ಆ 2 ಮೆಗಾಪಿಕ್ಸೆಲ್ ತುಂಡನ್ನೂ ಮಾರಾಟದ ಪಟ್ಟಿಯಲ್ಲಿ ತಲಾ ಒಂದು ಅಂತ ಎಣಿಸುವುದು ಸರಿನಾ?

ವೈದ್ಯಕೀಯದಲ್ಲೂ ಅಷ್ಟೇ. 2019ರಲ್ಲಿ ಓಮ್ನಿವಿಷನ್ ತೋರಿಸಿದ ಸೆನ್ಸರ್‌ನ ಒಂದು ಬದಿ ಬರೀ 0.575 ಮಿಲಿಮೀಟರ್. ಅದರಲ್ಲಿರುವುದು 40 ಸಾವಿರ ಪಿಕ್ಸೆಲ್. ಮೆಗಾಪಿಕ್ಸೆಲ್ ಲೆಕ್ಕದಲ್ಲಿ ಏನೂ ಅಲ್ಲ, ಆದರೆ ದೇಹದ ಸಣ್ಣ ನಾಳದೊಳಗೆ ಹೋಗಿ ನೋಡಬಲ್ಲದು. ಸರಿಯಾಗಿ ಶುಚಿ ಮಾಡಲಾಗದ, ದೇಹದೊಳಗೆ ತೂರಿಸಿ ನೋಡುವ ಎಂಡೋಸ್ಕೋಪ್‌ಗಳಿಂದ ಸೋಂಕು ಹರಡಿದ್ದುಂಟು. ಒಮ್ಮೆ ಬಳಸಿ ಬಿಸಾಡುವಂಥವು ಸಾಧ್ಯವಾಗಿದ್ದು ಮಾಡ್ಯೂಲ್ ಇಷ್ಟು ಚಿಕ್ಕದಾಗಿ, ಅಗ್ಗವಾಗಿದ್ದರಿಂದಲೇ. ಕಸ ಹೆಚ್ಚುತ್ತದೆ ಅನ್ನುವ ಚಿಂತೆ ಇದೆ ನಿಜ, ಆದರೂ ರೋಗಿಯ ಜೀವ ಮೊದಲು ಅಲ್ವಾ?

ಫೋನ್ ಕಂಪನಿಗಳಿಗೆ ನನ್ನ ಬೇಡಿಕೆ ಇಷ್ಟೇ. ಪೆಟ್ಟಿಗೆಯ ಮೇಲೆ ಮೆಗಾಪಿಕ್ಸೆಲ್ ಬರೆದಷ್ಟೇ ದಪ್ಪ ಅಕ್ಷರದಲ್ಲಿ ಸೆನ್ಸರ್‌ನ ಅಳತೆಯನ್ನೂ ಬರೆಯಿರಿ. ಆ 2 ಮೆಗಾಪಿಕ್ಸೆಲ್ ಕ್ಯಾಮೆರಾಗಳನ್ನು ತೆಗೆದುಹಾಕಿ, ಉಳಿದ ದುಡ್ಡನ್ನು ಮುಖ್ಯ ಕ್ಯಾಮೆರಾಕ್ಕೆ ಹಾಕಿ.