900ರಿಂದ ಭಾಗಿಸುವ ಕಾಕಾ

ಬೆಳಗಾವಿಯಲ್ಲಿ ಯಾರ ಮನೆಯಿಂದ ಯಾರು ಲಂಡನ್ನಿಗೆ ಹೊರಟರೂ, ಬ್ಯಾಗ್ ತುಂಬುವ ಮೊದಲೇ ಓಣಿಯ ಕಾಕಾ ಬಂದು ಕೂತಿರುತ್ತಾರೆ. ಅವರ ಶಾಸ್ತ್ರ ಒಂದೇ: ವಿಮಾನ ಗಂಟೆಗೆ 900 ಕಿ.ಮೀ. ಓಡುತ್ತದೆ ಎಂದು ದೂರವನ್ನು 900ರಿಂದ ಭಾಗಿಸುವುದು.

"ಬೆಂಗಳೂರು ಗಾಳ್ಯಾಗ 450 ಕಿಲೋಮೀಟರ್. ಅರ್ಧ ತಾಸು! ಟಿಕೆಟ್‌ನ್ಯಾಗ ಒಂದು ತಾಸಿನ ಮ್ಯಾಲೆ ಬರದಾರಲ್ಲ, ಉಳಿದ ಹೊತ್ತು ಎಲ್ಲಿ ತಿರಗ್ಯಾಡಸ್ತಾರ?"

ಎಲ್ಲೂ ಇಲ್ಲ ಕಾಕಾ. ಟಿಕೆಟ್ಟಿನ ಹೊತ್ತು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇಗೆ ಹೋಗಬೇಕು, ಏರಬೇಕು, ಇಳಿಯಬೇಕು. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್ ದಾಟುವಂತಿಲ್ಲ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಫಂಕಾ ಇರುವ ಎಟಿಆರ್ ಎಂಬ ಸಣ್ಣ ವಿಮಾನ ಆದರೆ ಮೇಲೇರಿದರೂ 500ರ ಆಸುಪಾಸೇ. ಹತ್ತಿರದ ಊರಿಗೆ 900ರ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಇಷ್ಟು ಹೇಳಿದರೆ ಕಾಕಾ ಲಂಡನ್ ಹಿಡಿಯುತ್ತಾರೆ. ಬೆಂಗಳೂರಿನಿಂದ ಸುಮಾರು 8,000 ಕಿ.ಮೀ., ಹತ್ತು ತಾಸಿನ ಮೇಲೆ. ಬೇಸಿಗೆಯಲ್ಲಿ ಬೆಳಿಗ್ಗೆ 7ಕ್ಕೆ ಬಿಟ್ಟ ವಿಮಾನ ಅಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನ 1ರ ಹೊತ್ತಿಗೆ ಇಳಿಯುತ್ತದೆ. ಕಾಕಾ ಬೆರಳು ಮಡಚಿ "ಆರೇ ತಾಸು!" ಎಂದು ಸಾರುತ್ತಾರೆ. ಬರುವಾಗ 1ಕ್ಕೆ ಹೊರಟರೆ ಇಲ್ಲಿ ನಸುಕಿನ 3.30. "ಹದಿನಾಲ್ಕೂವರೆ! ಹೋಗೂದು ಇಳಕಲಾ, ಬರೂದು ಏರೇನು?" ಲಂಡನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಚಳಿಗಾಲದಲ್ಲಿ ಐದೂವರೆ ಎಂದು ಯಾರು ಎಷ್ಟು ಹೇಳಿದರೂ ಏರು-ಇಳಕಲು ತಲೆಯಿಂದ ಹೋಗುವುದಿಲ್ಲ. ನಿಜಕ್ಕೂ ಬರುವ ಪ್ರಯಾಣವೇ ಸಾಮಾನ್ಯವಾಗಿ ತುಸು ಚಿಕ್ಕದು. ಎತ್ತರದಲ್ಲಿ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸಿ ಹಿಂದಿನಿಂದ ದಬ್ಬುತ್ತದೆ. ಇದನ್ನು ಮಾತ್ರ ಕಾಕಾನ ಮುಂದೆ ಹೇಳಬೇಡಿ, ರಾತ್ರಿ ಊಟಕ್ಕೂ ಅಲ್ಲೇ ಉಳಿದಾರು.

ಕ್ಯಾಲ್ಕ್ಯುಲೇಟರಿಗೆ ಕಾಣದ ಹೊತ್ತೇ ಜಾಸ್ತಿ. ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾಕ್ಕೆ ಹತ್ತು ಕಿಲೋಮೀಟರ್ ದಾರಿ. ಒಳನಾಡಿನ ವಿಮಾನದ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ. ಎರಡು ಬೇರೆ ಟಿಕೆಟ್ ತೆಗೆಸಿದ್ದರೆ ಬೆಂಗಳೂರಿನಲ್ಲಿ ಬ್ಯಾಗ್ ಬಿಡಿಸಿಕೊಂಡು ಮತ್ತೆ ಕೊಡಬೇಕು, ವಿದೇಶಿ ವಿಮಾನಕ್ಕೆ ಮೂರು ತಾಸು ಮುಂಚೆ ಹಾಜರಿರಬೇಕು. ಮಳೆಗಾಲದಲ್ಲಿ ಸಾಂಬ್ರಾದ ಮೇಲೆ ಮೋಡ ಕೂತರೆ ಎರಡನೇ ಟಿಕೆಟ್ಟಿಗೆ ಎಳ್ಳುನೀರು. ಮನೆಯ ಹೊಸ್ತಿಲಿನಿಂದ ಅಲ್ಲಿಯ ಹೊಸ್ತಿಲಿಗೆ ಇಪ್ಪತ್ತು ತಾಸು ಹಿಡಿಯಿರಿ. ಅಷ್ಟೂ ಹೊತ್ತು ಅವ್ವ ಫೋನ್ ಕೆಳಗಿಡುವುದಿಲ್ಲ. ಆಕೆಗೆ ಕಿಲೋಮೀಟರ್ ಬೇಡ, "ಮುಟ್ಟೀನಿ" ಅನ್ನುವ ಒಂದು ಮೆಸೇಜು ಸಾಕು.

ಬ್ಯಾಗಿನದೊಂದು ಉಳಿಯಿತು. ಇಡೀ ಒಣಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಡಿ. ಎಣ್ಣೆಯಂಶ ಇರುವುದರಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದೆಂದು ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಕಾಕಾ ಪ್ರೀತಿಯಿಂದ ತಂದ ಕುಂದಾ ಹಾಲಿನದು, ಭಾರತದಿಂದ ಬ್ರಿಟನ್ನಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಕಾಕಾ ಮನೆಗೆ ಹೋದ ಮೇಲೆ ಡಬ್ಬಿ ಹೊರಗೆ ತೆಗೆಯಿರಿ. ಆ ಜಾಗದಲ್ಲಿ ಒಂದು ಕಿಲೋ ಶೇಂಗಾ ಚಟ್ನಿಪುಡಿ ಆರಾಮಾಗಿ ಕೂಡುತ್ತದೆ.